ವಿಷಯದಿಂದ ಪ್ರಶ್ನೆಗೆ: ಸಮಾಜಶಾಸ್ತ್ರದ ಪ್ರಬಂಧಕ್ಕೆ ಕೂತವರಿಗೆ ಒಂದಿಷ್ಟು ಟಿಪ್ಪಣಿ

ಎಂ.ಎ. ಕೊನೆಯ ಸೆಮಿಸ್ಟರಿನ ಪ್ರಬಂಧಕ್ಕೆ ಈ ವರ್ಷ ಕೂರುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ಪ್ರಬಂಧ ಬೆಂಗಳೂರಿನ ಮಲ್ಲೇಶ್ವರದಲ್ಲಿ ಹೂ ಮಾರುವ ಹೆಂಗಸರ ಬಗ್ಗೆ. ಹಾಗಾಗಿ ಉದಾಹರಣೆಗಳೆಲ್ಲ ಅಲ್ಲಿಂದಲೇ ಬರುತ್ತವೆ. ನೀವು ಪೀಣ್ಯದ ಕಾರ್ಮಿಕರ ಬಗ್ಗೆ ಬರೆಯಿರಿ, ಪಿ.ಜಿ.ಗಳಲ್ಲಿ ಇರುವ ಹುಡುಗಿಯರ ಬಗ್ಗೆ ಬರೆಯಿರಿ, ಎಡವುವ ಜಾಗಗಳು ಹೆಚ್ಚುಕಡಿಮೆ ಇವೇ.

ಮೊದಲು ಪ್ರಶ್ನೆ

ನಾನು ಮೊದಲು ಬರೆದುಕೊಂಡು ಹೋದ ಶೀರ್ಷಿಕೆ "ಬೆಂಗಳೂರಿನ ಬೀದಿ ವ್ಯಾಪಾರಿಗಳು: ಒಂದು ಸಮಾಜಶಾಸ್ತ್ರೀಯ ಅಧ್ಯಯನ". ನಮ್ಮ ಗೈಡ್ ಅದನ್ನು ಓದಿ, "ಇದರಲ್ಲಿ ನಿನಗೆ ಗೊತ್ತಿಲ್ಲದ್ದು ಯಾವುದಮ್ಮ?" ಎಂದು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಬರೆದಿದ್ದು ವಿಷಯ. ವಿಷಯದ ಬಗ್ಗೆ ಎಷ್ಟು ಪುಟ ಬೇಕಾದರೂ ತುಂಬಿಸಬಹುದು, ಆದರೆ ಅದಕ್ಕೆ ಉತ್ತರ ಎಂಬುದೇ ಇರುವುದಿಲ್ಲ. ಪ್ರಬಂಧಕ್ಕೆ ಬೇಕಾದದ್ದು ಪ್ರಶ್ನೆ.

ಎರಡನ್ನೂ ಬೇರೆ ಮಾಡಲು ನಾನು ಒಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ. ಬರೆದದ್ದನ್ನು ಓದಿದ ಮೇಲೆ ನಾಳೆ ಬೆಳಿಗ್ಗೆ ಯಾವ ಬಸ್ಸು ಹತ್ತಬೇಕು, ಇಳಿದ ಮೇಲೆ ಯಾರ ಹತ್ತಿರ ಹೋಗಿ ಕೂರಬೇಕು ಎಂಬುದು ಗೊತ್ತಾಗಬೇಕು. "ಮಲ್ಲೇಶ್ವರದ 8ನೇ ಕ್ರಾಸಿನ ಸುತ್ತ ಹೂ ಮಾರುವ ಹೆಂಗಸರು ಫುಟ್‌ಪಾತಿನ ಮೇಲಿನ ತಮ್ಮ ಜಾಗವನ್ನು ಹೇಗೆ ಉಳಿಸಿಕೊಳ್ಳುತ್ತಾರೆ?" ಎಂದು ತಿದ್ದಿಕೊಂಡೆ. ಇದಕ್ಕೆ ಬಸ್ಸು ಗೊತ್ತು, ಕೂರುವ ಜಾಗವೂ ಗೊತ್ತು. ಸಿನಾಪ್ಸಿಸ್‌ಗೆ, ಅಂದರೆ ಮೊದಲು ಸಲ್ಲಿಸುವ ಪ್ರಬಂಧದ ರೂಪುರೇಷೆಗೆ, ಇಷ್ಟು ಸಾಕಾಯಿತು. ಆದರೆ ಪ್ರಶ್ನೆ ಅಲ್ಲಿಗೇ ನಿಲ್ಲಲಿಲ್ಲ, ಅದು ನಿಲ್ಲಲೂಬಾರದು.

ಪ್ರಶ್ನಾವಳಿ ಮುರಿದ ದಿನ

ಇಪ್ಪತ್ತೆರಡು ಪ್ರಶ್ನೆಗಳ ಪಟ್ಟಿ ಮುದ್ರಿಸಿಕೊಂಡು ಹೋಗಿದ್ದೆ. ನಾಲ್ಕನೆಯದು "ಎಷ್ಟು ವರ್ಷಗಳಿಂದ ಈ ವ್ಯಾಪಾರದಲ್ಲಿದ್ದೀರಿ?" ಎದುರಿಗೆ ಒಂದೇ ಒಂದು ಚೌಕ. ಮಧ್ಯಾಹ್ನ ಮೂರು ಗಂಟೆ, ಹೂ ಮಾರುವ ಅಕ್ಕ ಒಬ್ಬರು ಕನಕಾಂಬರ ಕಟ್ಟುತ್ತಿದ್ದರು. ಬೆರಳು ನಿಲ್ಲಿಸದೆಯೇ ಕೇಳಿದರು:

"ನಂದು ಕೇಳ್ತೀಯೋ, ಜಾಗದ್ದು ಕೇಳ್ತೀಯೋ?"

"ಎರಡೂ ಬೇರೆನಾ ಅಕ್ಕ?"

"ಬೇರೆ ಅಲ್ವಾ ಮತ್ತೆ? ನಾನು ಕೂತು ಹನ್ನೆರಡು ವರ್ಷ ಆಯ್ತು. ಜಾಗ ನಮ್ಮತ್ತೆದು. ಅವ್ರು ಇಲ್ಲಿ ಕೂತಾಗ ನಮ್ಮನೆಯವ್ರು ಇನ್ನೂ ಇಸ್ಕೂಲಿಗೆ ಹೋಗ್ತಿದ್ರು."

ನನ್ನ ಚೌಕದಲ್ಲಿ ಒಂದೇ ಸಂಖ್ಯೆಗೆ ಎಡೆ ಇತ್ತು. ಅಲ್ಲಿ 12 ಎಂದು ಬರೆದು ಮುಂದೆ ಹೋಗಿದ್ದರೆ ನನ್ನ ಪ್ರಬಂಧದ ಜೀವವೇ ಕೈತಪ್ಪಿ ಹೋಗುತ್ತಿತ್ತು. ಆ ಸಂಜೆ ಪಟ್ಟಿಯನ್ನು ಪಕ್ಕಕ್ಕಿಟ್ಟು, ಅತ್ತೆಯಿಂದ ಸೊಸೆಗೆ ಜಾಗ ಬಂದ ಬಗೆ ಎಷ್ಟು ಕಡೆ ಇದೆ ಎಂದು ಹುಡುಕಲು ಶುರುಮಾಡಿದೆ.

ಇದು ಯಾಕೆ ಮುಖ್ಯ ಎಂಬುದು ಕಾನೂನು ಓದಿದಾಗ ಗೊತ್ತಾಯಿತು. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಲ್ಲಿ, ವ್ಯಾಪಾರದ ಪ್ರಮಾಣಪತ್ರ ಪಡೆದವರು ತೀರಿಕೊಂಡರೆ, ಶಾಶ್ವತವಾಗಿ ಅಂಗವಿಕಲರಾದರೆ ಅಥವಾ ಕಾಯಿಲೆ ಬಿದ್ದರೆ, ಪತ್ರದ ಅವಧಿ ಮುಗಿಯುವ ತನಕ ಅವರ ಬದಲು ಕೂರಬಹುದಾದವರು ಯಾರು ಎಂದು ಹೇಳಿದೆ. ಮೊದಲು ಗಂಡ ಅಥವಾ ಹೆಂಡತಿ, ಆಮೇಲೆ ಅವಲಂಬಿತ ಮಕ್ಕಳು. ಆ ಸಾಲಿನಲ್ಲಿ ಸೊಸೆ ಇಲ್ಲ. ಫುಟ್‌ಪಾತಿನಲ್ಲಿ ನಾನು ಕಂಡ ಸಾಲಿನಲ್ಲಿ ಸೊಸೆಯೇ ಮೊದಲು. ನಮ್ಮಲ್ಲಿ ಹೊಲ ಮನೆ ಅಪ್ಪನಿಂದ ಮಗನಿಗೆ ಹೋಗುವುದನ್ನು ನೋಡಿದ್ದೇವೆ. ಇಲ್ಲಿ ದಾಖಲೆಯೇ ಇಲ್ಲದ ನಾಲ್ಕಡಿ ಜಾಗ, ಮದುವೆಯ ಸಂಬಂಧದ ಮೂಲಕ, ಹೆಂಗಸಿನಿಂದ ಹೆಂಗಸಿಗೆ ಹೋಗುತ್ತಿದೆ. ನನ್ನ ಪ್ರಶ್ನೆ ಮೂರನೆಯ ಸಲ ಬದಲಾಯಿತು: ಈ ವರ್ಗಾವಣೆಯನ್ನು ಅಕ್ಕಪಕ್ಕ ಕೂರುವವರು ಯಾವಾಗ ಒಪ್ಪುತ್ತಾರೆ, ಯಾವಾಗ ತಕರಾರು ತೆಗೆಯುತ್ತಾರೆ?

ಪ್ರಶ್ನೆ ಬದಲಾಯಿತು ಎಂದು ಹೆದರಬೇಡಿ. ಯಾವ ದಿನ, ಯಾರ ಮಾತಿನಿಂದ ಬದಲಾಯಿತು ಎಂದು ಬರೆದಿಟ್ಟುಕೊಳ್ಳಿ. ವಿಧಾನದ ಅಧ್ಯಾಯದಲ್ಲಿ ನನಗೆ ಅತ್ಯಂತ ಉಪಯೋಗಕ್ಕೆ ಬಂದ ಎರಡು ಪುಟ ಅವೇ.

ಹಿಂದಿನವರು ಬರೆದದ್ದನ್ನು ಓದುವುದು

ಪೂರ್ವಸಾಹಿತ್ಯದ ಅಧ್ಯಾಯ ಎಂದರೆ "ಇವರು ಹೀಗೆ ಹೇಳಿದ್ದಾರೆ, ಅವರು ಹಾಗೆ ಹೇಳಿದ್ದಾರೆ" ಎಂದು ಪೋಣಿಸುತ್ತಾ ಹೋಗುವುದು ನಮ್ಮಲ್ಲಿ ರೂಢಿ. ಓದುವವರಿಗೆ ಅದರಿಂದ ಏನೂ ದಕ್ಕುವುದಿಲ್ಲ. ಯಾರು ಯಾರ ಮಾತನ್ನು ಒಪ್ಪಿಲ್ಲ ಎಂದು ಹುಡುಕಿ. ಕೀತ್ ಹಾರ್ಟ್ ಘಾನಾದ ಅಕ್ರಾ ನಗರವನ್ನು ನೋಡಿ 1973ರಲ್ಲಿ ಅನೌಪಚಾರಿಕ ದುಡಿಮೆಯ ಬಗ್ಗೆ, ಅಂದರೆ ಖಾಯಂ ಸಂಬಳದ ನೌಕರಿಯ ಹೊರಗಿನ ದುಡಿಮೆಯ ಬಗ್ಗೆ, ಬರೆದರು. ಗುಜರಾತಿನಲ್ಲಿ ಕ್ಷೇತ್ರಕಾರ್ಯ ಮಾಡಿದ್ದ ಯಾನ್ ಬ್ರೆಮನ್ 1976ರಲ್ಲಿ ಈ ಔಪಚಾರಿಕ, ಅನೌಪಚಾರಿಕ ಎಂಬ ಎರಡು ಪಾಲಿನ ವಿಂಗಡಣೆಯನ್ನೇ ಪ್ರಶ್ನಿಸಿದರು. ಪಾರ್ಥ ಚಟರ್ಜಿ 2004ರಲ್ಲಿ, ಇಂಥ ಜನ ಸರ್ಕಾರದ ಜೊತೆ ವ್ಯವಹರಿಸುವ ಬಗೆಯನ್ನು ರಾಜಕೀಯ ಸಮಾಜ ಎಂದು ಕರೆದರು. ನಮ್ಮ ಬೆಂಗಳೂರನ್ನೇ ಬಹುಕಾಲ ನೋಡಿದ ಸಾಲೊಮನ್ ಬೆಂಜಮಿನ್ 2008ರಲ್ಲಿ, ಜಾಗದಲ್ಲಿ ನೆಲೆಯೂರುವುದೇ ನಗರವನ್ನು ಕಟ್ಟುವ ಒಂದು ರಾಜಕೀಯ ಎಂದು ವಾದಿಸಿದರು. ಈ ನಾಲ್ವರನ್ನು ಎದುರುಬದುರು ಕೂರಿಸಿ, ಅತ್ತೆ ಸೊಸೆಯ ವಿಚಾರ ಇವರ ಮಾತಿನಲ್ಲಿ ಎಲ್ಲಿ ಬರುತ್ತದೆ, ಎಲ್ಲಿ ಬರುವುದಿಲ್ಲ ಎಂದು ಕೇಳಿದೆ. ನನ್ನ ಅಧ್ಯಾಯ ಹನ್ನೆರಡು ಪುಟದಲ್ಲಿ ಮುಗಿಯಿತು.

ನಮ್ಮ ದೇಶದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳನ್ನು ಇಡುವ ಶೋಧಗಂಗಾ ಜಾಲತಾಣದಲ್ಲಿ ಕನ್ನಡದ ಮಹಾಪ್ರಬಂಧಗಳೂ ಇವೆ, ಖಂಡಿತ ನೋಡಿ. ಅಧ್ಯಾಯ ಜೋಡಿಸುವ ಕ್ರಮ, ಕನ್ನಡದ ಪಾರಿಭಾಷಿಕ ಪದ ಎರಡೂ ಸಿಗುತ್ತವೆ.

ಎಷ್ಟು ಜನ, ಯಾವ ಹೊತ್ತು

ಮಾದರಿಯ ಗಾತ್ರಕ್ಕೆ, ಅಂದರೆ ಒಟ್ಟು ಜನರಲ್ಲಿ ಎಷ್ಟು ಜನರನ್ನು ಮಾತಾಡಿಸಬೇಕು ಎಂಬುದಕ್ಕೆ, ಎಲ್ಲರೂ ಯಮಾನೆ ಸೂತ್ರ ಹಾಕುತ್ತಾರೆ. ಸಾವಿರ ಜನರಿದ್ದು ಶೇ. 5ರಷ್ಟು ದೋಷ ಒಪ್ಪಿದರೆ 286 ಜನ ಬೇಕು ಎಂದು ಅದು ಹೇಳುತ್ತದೆ. ಲೆಕ್ಕ ಸರಿ. ಆದರೆ ಆ 286 ಜನರನ್ನು ಚೀಟಿ ಎತ್ತಿ ಆರಿಸಲು ಸಾವಿರ ಜನರ ಪಟ್ಟಿ ಕೈಯಲ್ಲಿರಬೇಕಲ್ಲ? ಪಟ್ಟಿಯೇ ಇಲ್ಲದ ಕಡೆ ಸಿಕ್ಕಿದವರನ್ನು ಮಾತಾಡಿಸಿ ಸೂತ್ರದ ಹೆಸರು ಹೇಳುವುದು ತಪ್ಪು. ನಾನು ಒಬ್ಬರಿಂದ ಇನ್ನೊಬ್ಬರ ಪರಿಚಯ ಮಾಡಿಕೊಳ್ಳುತ್ತಾ ಹೋದೆ. ಇದರಲ್ಲೂ ಒಂದು ಅಪಾಯವಿದೆ. ಮೊದಲ ಅಕ್ಕ ತೋರಿಸಿದ ನಾಲ್ವರೂ ಅವರ ನೆಂಟರೇ ಆಗಿದ್ದರು! ಆದ್ದರಿಂದ 8ನೇ ಕ್ರಾಸಿನ ಮೂಲೆ, ಸಂಪಿಗೆ ರಸ್ತೆ, ಕಾಡು ಮಲ್ಲೇಶ್ವರ ದೇವಸ್ಥಾನದ ಹತ್ತಿರ, ಹೀಗೆ ಮೂರು ಕಡೆಯಿಂದ ಬೇರೆ ಬೇರೆಯಾಗಿ ಶುರುಮಾಡಿದೆ. ಇಪ್ಪತ್ತು ಜನರಾಗುವ ಹೊತ್ತಿಗೆ ಹೊಸ ಸಂಗತಿ ಬರುವುದು ನಿಂತಿತು.

ಹೂವಿನವರು ಬೆಳಗಿನ ಜಾವವೇ ಕೆ.ಆರ್. ಮಾರ್ಕೆಟ್ಟಿಗೆ ಹೋಗಿ ಸರಕು ತರುತ್ತಾರೆ. ಬೆಳಿಗ್ಗೆ ಸಂಜೆ ಗಿರಾಕಿ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಕಟ್ಟುತ್ತಾ ಕೂರುತ್ತಾರೆ. ಮಾತಿಗೆ ಸಿಗುವುದು ಆ ಎರಡು ಗಂಟೆ. ಶ್ರಾವಣದ ಶುಕ್ರವಾರಗಳಲ್ಲಿ ಅದೂ ಇಲ್ಲ. ವರಮಹಾಲಕ್ಷ್ಮಿ ಹಬ್ಬದ ವಾರ ನಾನು ಪುಸ್ತಕ ಮುಚ್ಚಿ, ಸುಮ್ಮನೆ ಬಾಳೆನಾರು ಸೀಳಿಕೊಟ್ಟೆ. ನೀವು ಅಧ್ಯಯನ ಮಾಡುವವರ ದಿನಚರಿಯನ್ನು ಮೊದಲ ವಾರವೇ ಬರೆದುಕೊಂಡು, ನಿಮ್ಮ ವೇಳಾಪಟ್ಟಿಯನ್ನು ಅದಕ್ಕೆ ಹೊಂದಿಸಿ.

ಒಪ್ಪಿಗೆಯ ಬಗ್ಗೆ ತುಸು ನಿಧಾನವಾಗಿ ಹೇಳಬೇಕು. ಸಹಿಗೆ ಕಾಗದ ಮುಂದೆ ಹಿಡಿದರೆ ಎಷ್ಟೋ ಜನ ಎಬ್ಬಿಸಲು ಬಂದವರು ಎಂದು ಬೆಚ್ಚುತ್ತಾರೆ. ಬಾಯಿಮಾತಿನಲ್ಲಿ ಒಪ್ಪಿಗೆ ಪಡೆದು, ದಿನ ಸಮಯ ಗುರುತುಹಾಕಿಕೊಂಡರೆ ಸಾಕು ಎಂದು ವಿಭಾಗದಲ್ಲಿ ಮೊದಲೇ ಕೇಳಿ ಒಪ್ಪಿಸಿಕೊಳ್ಳಿ. ಹೆಸರು ಬದಲಾಯಿಸಿದರೆ ಮುಗಿಯಲಿಲ್ಲ. "ಬ್ಯಾಂಕಿನ ಮೆಟ್ಟಿಲ ಎಡಕ್ಕೆ ಕೂರುವವರು" ಎಂದು ಬರೆದರೆ ಹೆಸರು ಹೇಳಿದಂತೆಯೇ. ಅವರ ಅನ್ನದ ಜಾಗ ಅದು. ನಮ್ಮ ಪ್ರಬಂಧದ ಒಂದು ಸಾಲು ಅವರ ವಿರುದ್ಧ ಸಾಕ್ಷಿಯಾಗಬಾರದು.

ರಾತ್ರಿಯ ಬರವಣಿಗೆ

ರೆಕಾರ್ಡ್ ಮಾಡಿದ ಒಂದು ಗಂಟೆಯ ಮಾತನ್ನು ಬರಹಕ್ಕಿಳಿಸಲು ನನಗೆ ಐದಾರು ಗಂಟೆ ಹಿಡಿಯಿತು. ಸಂಪಿಗೆ ರಸ್ತೆಯ ಹಾರ್ನ್ ನಡುವೆ ಮಾತು ಬಿಡಿಸಿಕೊಳ್ಳುವುದು ಕಷ್ಟ. ಇಪ್ಪತ್ತು ಜನ, ತಲಾ ಮುಕ್ಕಾಲು ಗಂಟೆ ಎಂದರೆ ಹದಿನೈದು ಗಂಟೆಯ ಧ್ವನಿ. ಬರೆಯಲು 75ರಿಂದ 90 ಗಂಟೆ. ಯೋಜನೆಯಲ್ಲಿ ಇದಕ್ಕೆ ಜಾಗ ಇಡದವರು ಕೊನೆಯಲ್ಲಿ ಎರಡು ವಾರ ನಿದ್ದೆ ಕಳೆದುಕೊಳ್ಳುತ್ತಾರೆ. ಅಂದಂದಿನದನ್ನು ಅಂದೇ ರಾತ್ರಿ ಬರೆಯಿರಿ. ಯಂತ್ರ ಹಿಡಿಯದ ಸಂಗತಿಗಳು, ಅಂದರೆ ಪ್ರಶ್ನೆ ಕೇಳಿದಾಗ ಪಕ್ಕದವರತ್ತ ನೋಡಿದ್ದು, ಪೊಲೀಸಿನವರು ಹೋಗುವಾಗ ಬುಟ್ಟಿ ಒಂದು ಗೇಣು ಹಿಂದಕ್ಕೆ ಎಳೆದುಕೊಂಡದ್ದು, ಮರುದಿನಕ್ಕೆ ನೆನಪಿರುವುದಿಲ್ಲ.

ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರ ಕಥೆ ಇಲ್ಲಿ ನೆನಪಿಸಿಕೊಳ್ಳಬೇಕು. 1948ರಲ್ಲಿ ಮೈಸೂರು ಸೀಮೆಯ ರಾಂಪುರದಲ್ಲಿ ಅವರು ಮಾಡಿದ ಕ್ಷೇತ್ರಕಾರ್ಯದಿಂದಲೇ ಪ್ರಬಲ ಜಾತಿ, ಅಂದರೆ ಜನಬಲ ಮತ್ತು ಜಮೀನಿನ ಬಲದಿಂದ ಊರಿನಲ್ಲಿ ಮೇಲುಗೈ ಪಡೆದ ಜಾತಿ, ಎಂಬ ಪರಿಕಲ್ಪನೆ ಗಟ್ಟಿಯಾದದ್ದು. 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟಾನ್‌ಫರ್ಡ್‌ನಲ್ಲಿದ್ದಾಗ, ಕಿಡಿಗೇಡಿಗಳು ಹಚ್ಚಿದ ಬೆಂಕಿಯಲ್ಲಿ, ವರ್ಷಗಟ್ಟಲೆ ಕೂತು ಸಿದ್ಧಪಡಿಸಿದ್ದ ಅವರ ಟಿಪ್ಪಣಿಗಳ ಮೂರೂ ಪ್ರತಿ ಸುಟ್ಟುಹೋದವು. ಮೂರೂ ಒಂದೇ ಕಡೆ ಇದ್ದವು. ಆಮೇಲೆ ಅವರು ನೆನಪಿನಿಂದಲೇ ಆ ಹಳ್ಳಿಯನ್ನು ಬರೆದರು, ಪುಸ್ತಕ 1976ರಲ್ಲಿ ಬಂತು. ಅಷ್ಟರಲ್ಲಿ ಅವರು ನಮ್ಮ ಬೆಂಗಳೂರಿನ ಐಸೆಕ್ ಎಂಬ ಸಮಾಜವಿಜ್ಞಾನ ಸಂಶೋಧನಾ ಸಂಸ್ಥೆಗೆ ಬಂದಿದ್ದರು. ಇಷ್ಟು ಓದಿದ ದಿನವೇ ನನ್ನ ಟಿಪ್ಪಣಿಗಳನ್ನು ಪೆನ್‌ಡ್ರೈವಿಗೆ ಹಾಕಿ ನಮ್ಮಕ್ಕನ ಮನೆಯಲ್ಲಿಟ್ಟೆ.

ಬರೆಯುವ ಕ್ರಮ

ಪೀಠಿಕೆಯಿಂದ ಶುರುಮಾಡಬೇಡಿ. ಮೊದಲು ವಿಧಾನದ ಅಧ್ಯಾಯ, ಯಾಕೆಂದರೆ ಮಾಡಿದ ಕೆಲಸ ಇನ್ನೂ ನೆನಪಿರುತ್ತದೆ. ಆಮೇಲೆ ಕ್ಷೇತ್ರದ ಅಧ್ಯಾಯಗಳು, ಕೊನೆಗೆ ಪೀಠಿಕೆ. ಬರೆಯುವ ಮುಂಚೆ ಎಲ್ಲ ಸಂದರ್ಶನ ಓದಿ ಅಂಚಿನಲ್ಲಿ ಗುರುತು ಹಾಕಿ. ನಾನು ಹಾಕಿದ ಗುರುತುಗಳು ಅವರದೇ ಪದಗಳು: "ಜಾಗ", "ಬಿಟ್ಕೊಡೋದು", "ಮರ್ಯಾದೆ", "ಪಕ್ಕದವ್ರು". "ಬಿಟ್ಕೊಡೋದು" ಎಂಬ ಗುರುತಿನಡಿ ಒಟ್ಟಾದ ಮಾತುಗಳೇ ನನ್ನ ನಾಲ್ಕನೆಯ ಅಧ್ಯಾಯವಾದವು.

ಅವರ ಮಾತನ್ನು ಗ್ರಾಂಥಿಕಕ್ಕೆ ತಿರುಗಿಸಬೇಡಿ. "ಜಾಗ ನಮ್ಮತ್ತೆದು" ಎಂಬುದನ್ನು "ಈ ಸ್ಥಳವು ನನಗೆ ಅತ್ತೆಯವರಿಂದ ಉತ್ತರಾಧಿಕಾರವಾಗಿ ಪ್ರಾಪ್ತವಾಯಿತು" ಎಂದು ಬರೆದೆವೋ, ನಾವು ಸಾಬೀತು ಮಾಡಬೇಕಾದ ಹಕ್ಕನ್ನು ಅವರ ಬಾಯಲ್ಲಿ ನಾವೇ ತುರುಕಿದಂತೆ. ಅತ್ತೆ ಹೋದ ಮೇಲೂ ಜಾಗ ಅತ್ತೆಯದೇ, ತಾನು ಕೂತಿರುವವಳು ಮಾತ್ರ ಎಂಬ ಭಾವ ಆ ಎರಡು ಪದಗಳಲ್ಲಿದೆ.

ಕೃತಿಚೌರ್ಯದ ಬಗ್ಗೆ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2018ರ ನಿಯಮದಲ್ಲಿ ಶೇ. 10ರವರೆಗಿನ ಹೋಲಿಕೆಗೆ ದಂಡನೆ ಇಲ್ಲ. ಅದಕ್ಕಿಂತ ಹೆಚ್ಚಿ ಶೇ. 40ರೊಳಗಿದ್ದರೆ ತಿದ್ದಿ ಮತ್ತೆ ಸಲ್ಲಿಸಬೇಕು. ಓದುವಾಗಲೇ ಪುಟಸಂಖ್ಯೆ ಸಮೇತ ಬರೆದುಕೊಂಡರೆ ಈ ಚಿಂತೆಯೇ ಬರುವುದಿಲ್ಲ.

ಸಲ್ಲಿಸುವ ಮೊದಲು ಒಂದು ವಾರ ಉಳಿಸಿಕೊಂಡು, ಬರೆದದ್ದನ್ನು ಅವರಿಗೇ ಓದಿ ಹೇಳಿ. ಯಾರು ಎಲ್ಲಿ ಕೂರುತ್ತಾರೆ ಎಂಬುದನ್ನು ನನಗಾಗಿ ಕೈಯಲ್ಲಿ ಬರೆದುಕೊಂಡಿದ್ದ ನಕ್ಷೆಯನ್ನೂ ನಾನು ಒಯ್ದಿದ್ದೆ, ಅದು ಪ್ರಬಂಧದೊಳಗೆ ಹೋಗುವಂಥದ್ದಲ್ಲ. ಅಕ್ಕ ಅದನ್ನು ತೊಡೆಯ ಮೇಲಿಟ್ಟುಕೊಂಡು ನೋಡಿ, ತಮ್ಮ ಎಡಗಡೆ ನಾನು ಖಾಲಿ ಬಿಟ್ಟಿದ್ದ ಜಾಗದ ಮೇಲೆ ಬೆರಳಿಟ್ಟರು. "ಇದು ಖಾಲಿ ಅಲ್ಲ ಕಣಮ್ಮ. ಅವ್ಳು ಬಾಣಂತನಕ್ಕೆ ಹೋಗವ್ಳೆ. ಯಾರೂ ಕೂರಲ್ಲ ಅಲ್ಲಿ." ನಾಲ್ಕನೆಯ ಅಧ್ಯಾಯವನ್ನು ಅವತ್ತು ರಾತ್ರಿ ಮತ್ತೆ ತೆರೆದು, ಖಾಲಿ ಜಾಗಗಳ ಬಗ್ಗೆ ಒಂದೂವರೆ ಪುಟ ಸೇರಿಸಿದೆ.