ಲಾರಿಯ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಲೀಕ್: ಪ್ಯಾಕಿಂಗ್ ತರುವ ಮೊದಲು ಸ್ಟಡ್ ನೋಡಿ

"ಬೆಳಿಗ್ಗೆ ಸ್ಟಾರ್ಟ್ ಮಾಡ್ದಾಗ ಟಿಕ್ ಟಿಕ್ ಅನ್ನುತ್ತೆ ಅಣ್ಣ, ಬಿಸಿಯಾದ್ಮೇಲೆ ನಿಂತೋಯ್ತದೆ. ಲೋಡಲ್ಲಿ ಪಿಕಪ್ಪೇ ಇಲ್ಲ." ಮಂಡ್ಯದ ಕಡೆ ಕಬ್ಬಿನ ಲಾರಿ ಡ್ರೈವರ್ ಹೀಗೆ ಹೇಳಿದರೆ ಟ್ಯಾಪೆಟ್ (ವಾಲ್ವ್ ಒತ್ತುವ ಭಾಗ) ಸದ್ದೆಂದು ಹೆಡ್ ಕವರ್ ಬಿಚ್ಚಬೇಡಿ. ಸಿಲಿಂಡರುಗಳ ಹೊಗೆಯನ್ನು ಒಟ್ಟುಗೂಡಿಸುವ ಎರಕದ ಕೊಳವೆ, ಅಂದರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್, ಎಂಜಿನ್ ಹೆಡ್ಡಿಗೆ ಕೂರುವಲ್ಲಿ ಲೀಕ್ ಇರಬಹುದು. ತಣ್ಣಗಿದ್ದಾಗ ಇದ್ದ ಸಂದು ಕಬ್ಬಿಣ ಹಿಗ್ಗಿದಾಗ ಮುಚ್ಚಿಕೊಳ್ಳುತ್ತದೆ, ಅದಕ್ಕೇ ಸದ್ದು ಮಾಯ. ಎಕ್ಸಾಸ್ಟ್ ಬ್ರೇಕ್ (ಹೊಗೆಯ ದಾರಿ ಅಡ್ಡಗಟ್ಟಿ ವೇಗ ಇಳಿಸುವ ಬ್ರೇಕ್) ಹಾಕಿದಾಗ ಸದ್ದು ಜೋರಾದರೆ ಅನುಮಾನ ಇನ್ನೂ ಗಟ್ಟಿ. ಲೀಕ್ ಟರ್ಬೊಗಿಂತ (ಹೊಗೆಯ ರಭಸಕ್ಕೆ ತಿರುಗಿ ಎಂಜಿನ್ನಿಗೆ ಗಾಳಿ ತುಂಬುವ ಯಂತ್ರ) ಮುಂಚೆ ಇರುವುದರಿಂದ ಟರ್ಬೊ ತಿರುಗಿಸಬೇಕಾದ ಹೊಗೆ ಹೊರಗೇ ಹೋಗುತ್ತದೆ; ಬೂಸ್ಟ್ (ತುಂಬುವ ಗಾಳಿಯ ಒತ್ತಡ) ಇಳಿದು ಕಪ್ಪು ಹೊಗೆ ಬರುತ್ತದೆ, ಡೀಸೆಲ್ ಜಾಸ್ತಿ ಕುಡಿಯುತ್ತದೆ. ಹೊಗೆ ಕ್ಯಾಬಿನ್ನಿಗೂ ನುಗ್ಗುತ್ತದೆ.

ಜಾಗ ಹುಡುಕಲು ಮೊದಲು ಟಾರ್ಚ್ ಹಿಡಿದು ಪೋರ್ಟುಗಳ (ಹೆಡ್ಡಿನಿಂದ ಹೊಗೆ ಹೊರಬರುವ ಕಿಂಡಿಗಳ) ಸುತ್ತ ಮಸಿ ಗೆರೆ ನೋಡಿ. ಕಾಣದಿದ್ದರೆ ಎಂಜಿನ್ ಆಫ್ ಮಾಡಿ, ತಣ್ಣಗಾದ ಮೇಲೆ, ಸೈಲೆನ್ಸರ್ ಬಾಯಿಂದ ಕಡಿಮೆ ಪ್ರೆಷರ್ ಗಾಳಿ ಬಿಟ್ಟು ಜಾಯಿಂಟುಗಳಿಗೆ ಸೋಪಿನ ನೀರು ಚಿಮುಕಿಸಿ. ಗುಳ್ಳೆ ಎದ್ದಲ್ಲಿ ಲೀಕ್. ಬಿಸಿ ಮ್ಯಾನಿಫೋಲ್ಡಿಗೆ ತಣ್ಣೀರು ಬೇಡವೇ ಬೇಡ, ಎರಕದ ಕಬ್ಬಿಣ ಬಿರುಕು ಬಿಡುತ್ತದೆ. ಲೋಡ್ ಇಳಿಸಿ ಬಂದವರು ನೇರ ವಿಸಿ ನಾಲೆ ಪಕ್ಕ ನಿಲ್ಲಿಸಿ ಬಕೆಟ್ಟಲ್ಲಿ ಎಂಜಿನ್ ತೊಳೆಯುವುದು ಇದಕ್ಕೇ ತಪ್ಪು.

ಪ್ಯಾಕಿಂಗ್ (ಹೆಡ್, ಮ್ಯಾನಿಫೋಲ್ಡ್ ನಡುವೆ ಸಂದು ಮುಚ್ಚುವ ಹಾಳೆ) ಸುಟ್ಟಿರುವುದು ಸಾಮಾನ್ಯವಾಗಿ ಪರಿಣಾಮ, ಕಾರಣವಲ್ಲ. ಲೆಕ್ಕ ಹಾಕಿ: 700 ಮಿ.ಮೀ. ಉದ್ದದ ಮ್ಯಾನಿಫೋಲ್ಡ್ 30ರಿಂದ 550 ಡಿಗ್ರಿಗೆ ಏರಿದರೆ ಸುಮಾರು 4 ಮಿ.ಮೀ. ಉದ್ದವಾಗುತ್ತದೆ. ನೀರಿನಿಂದ ತಂಪಾಗುವ ಹೆಡ್ ನೂರು ಡಿಗ್ರಿ ಆಸುಪಾಸಿನಲ್ಲೇ ಇದ್ದು ಅರ್ಧ ಮಿ.ಮೀ. ಹಿಗ್ಗುತ್ತದೆ ಅಷ್ಟೆ. ಈ ಎಳೆದಾಟವೆಲ್ಲ ಮ್ಯಾನಿಫೋಲ್ಡನ್ನು ಹೆಡ್ಡಿಗೆ ಹಿಡಿದಿಡುವ ತಲೆಯಿಲ್ಲದ ಬೋಲ್ಟುಗಳ, ಅಂದರೆ ಎರಡು ತುದಿಯ ಸ್ಟಡ್‌ಗಳ ಮೇಲೆ. ಅವೇ ಮೊದಲು ಮುರಿಯುವುದು. ಹಲವು ಆರು ಸಿಲಿಂಡರ್ ಎಂಜಿನ್ನುಗಳಲ್ಲಿ ಮ್ಯಾನಿಫೋಲ್ಡನ್ನು ತುಂಡುತುಂಡಾಗಿ ಮಾಡಿ ನಡುವೆ ರಿಂಗ್ ಕೊಡುವುದೂ ಇದಕ್ಕೇ. ಆ ರಿಂಗ್ ತುಕ್ಕಿಗೆ ಕಚ್ಚಿಕೊಂಡರೂ ಸ್ಟಡ್ ಉಳಿಯದು.

ಬಿಚ್ಚುವಾಗ ಅವಸರ ಮಾಡಿದರೆ ಒಂದು ಸ್ಟಡ್ ಕೆಲಸ ನಾಲ್ಕಾಗುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿ. ಮಾರನೆಯ ದಿನ ಎಣ್ಣೆ, ಡೀಸೆಲ್ ಪೈಪು ಹತ್ತಿರವಿಲ್ಲವೆಂದು ಖಾತ್ರಿ ಮಾಡಿಕೊಂಡು, ಸುರಿದ ಎಣ್ಣೆಯನ್ನೂ ಒರೆಸಿ, ನಟ್ಟನ್ನು ಗ್ಯಾಸಿನಿಂದ ಕೆಂಪಾಗಿಸಿ. ಸ್ವಲ್ಪ ಬಿಚ್ಚಿ, ಸ್ವಲ್ಪ ಬಿಗಿಸಿ, ಮತ್ತೆ ಬಿಚ್ಚಿ. ಟರ್ಬೊ ಬಾಯಿಗೆ ಬಟ್ಟೆ ತುರುಕಿರಿ. ಒಂದು ವಾಷರ್ ಒಳಗೆ ಬಿದ್ದರೆ ಟರ್ಬೈನ್ ಹೋಯಿತು.

ಸ್ಟಡ್ ಮುರಿದು ತುದಿ ಹೊರಗೆ ಉಳಿದಿದ್ದರೆ ಅದರ ಮೇಲೆ ನಟ್ಟು ಇಟ್ಟು ವೆಲ್ಡ್ ಮಾಡಿ, ಬಿಸಿ ಸ್ವಲ್ಪ ಇಳಿದ ಮೇಲೆ ತಿರುಗಿಸಿ. ಬ್ಯಾಟರಿ ತಂತಿ ಮೊದಲೇ ಕಳಚಿರಲಿ. ಒಳಗೇ ಮುರಿದಿದ್ದರೆ ಸರಿ ನಡುವೆ ಪಂಚ್ ಹೊಡೆದು, ಸಣ್ಣ ಬಿಟ್ಟಿನಿಂದ ಶುರುಮಾಡಿ ಕೊರೆಯಿರಿ, ಎಂ10, 1.5 ಪಿಚ್ (10 ಮಿ.ಮೀ. ದಪ್ಪ, ಥ್ರೆಡ್ ಅಂತರ 1.5 ಮಿ.ಮೀ.) ಆದರೆ 8.5 ಮಿ.ಮೀ. ದಾಟಬೇಡಿ, ಆಮೇಲೆ ಟ್ಯಾಪ್ (ಥ್ರೆಡ್ ಕೊರೆಯುವ ಉಪಕರಣ) ಹಾಕಿ. ಈಸಿ ಔಟನ್ನು (ಮುರಿದ ಸ್ಟಡ್ ಹೊರತೆಗೆಯುವ ಉಪಕರಣ) ನಾನು ಕೊನೆಯ ಉಪಾಯವೆನ್ನುತ್ತೇನೆ: ಅದು ಒಳಗೆ ಮುರಿದರೆ ಸಾಮಾನ್ಯ ಡ್ರಿಲ್ ಬಿಟ್ ಅದನ್ನು ಕೊರೆಯದು.

ಇನ್ನು ಮ್ಯಾನಿಫೋಲ್ಡಿನ ಮುಖ. ಮಸಿ ಕೆರೆದು ಸ್ಟ್ರೈಟ್ ಎಡ್ಜ್ (ನೇರ ಪಟ್ಟಿ) ಇಟ್ಟು ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ತೂರಿಸಿ. ಮ್ಯಾನ್ಯುಯಲ್ ಕೊಟ್ಟ ಮಿತಿಗಿಂತ ಹೆಚ್ಚು ಬಾಗಿದ್ದರೆ ಲೇತ್ ಅಂಗಡಿಯಲ್ಲಿ ಫೇಸಿಂಗ್ (ಮುಖ ಸಮತಟ್ಟು ಮಾಡಿಸುವುದು). ಬಾಗಿದ ಮುಖಕ್ಕೆ ಹೊಸ ಪ್ಯಾಕಿಂಗ್ ಕೊಟ್ಟರೆ ತಿಂಗಳೊಳಗೆ ಅದೇ ಲಾರಿ ಮತ್ತೆ ಬಾಗಿಲಲ್ಲಿ. ಬಿರುಕಿದ್ದರೆ ವೆಲ್ಡಿಂಗ್ ನಂಬಿಕೆಗೆ ಅರ್ಹವಲ್ಲ, ಬೇರೆ ಮ್ಯಾನಿಫೋಲ್ಡೇ ಹಾಕಿ.

ಕೂರಿಸುವಾಗ ಸ್ಟಡ್, ನಟ್ಟು ಎಲ್ಲ ಹೊಸವು. ಪ್ಯಾಕಿಂಗಿಗೆ ಸಿಲಿಕಾನ್ ಪೇಸ್ಟ್ ಬಳಿಯಬೇಡಿ, ಆ ಬಿಸಿಗೆ ಸುಟ್ಟು ಅಲ್ಲೇ ಸಂದಾಗುತ್ತದೆ. ಎಲ್ಲ ನಟ್ಟನ್ನೂ ಕೈಯಲ್ಲಿ ಕೂರಿಸಿ, ನಡುವಿನಿಂದ ತುದಿಗಳ ಕಡೆಗೆ, ಮೂರು ಸುತ್ತಿನಲ್ಲಿ ಟಾರ್ಕ್ ರೆಂಚಿನಿಂದ ಬಿಗಿಸಿ. ಸಂಖ್ಯೆ ಆಯಾ ಎಂಜಿನ್ನಿನ ಮ್ಯಾನ್ಯುಯಲ್ಲಿನದು. ಉದ್ದನೆ ಪೈಪ್ ಸಿಕ್ಕಿಸಿ ಬಿಗಿಸಿದ ಸ್ಟಡ್ ಅಂದೇ ಅರ್ಧ ಸತ್ತಿರುತ್ತದೆ. ಸೈಲೆನ್ಸರ್ ಪೈಪಿನ ಬ್ರಾಕೆಟ್ ಮುರಿದಿದೆಯೇ ನೋಡಿ, ಪೈಪಿನ ಭಾರ ಮ್ಯಾನಿಫೋಲ್ಡ್ ಮೇಲೆ ತೂಗಬಾರದು. ಮಾರನೆಯ ಬೆಳಿಗ್ಗೆ ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿ ಕಿವಿಗೊಡಿ. ಟಿಕ್ ಟಿಕ್ ಇರಬಾರದು.