ಗದ್ದಕ್ಕೆ ಇಂಪ್ಲಾಂಟೋ, ಸ್ವಂತ ಮೂಳೆಯೋ?

ಈ ಪಾಠ ಓದುವಾಗ ಒಂದು ಪ್ರಶ್ನೆ ಜೊತೆಗಿಟ್ಟುಕೊಳ್ಳಿ: ಗದ್ದಕ್ಕೋ ದವಡೆಗೋ ಹಾಕುವ ವಸ್ತು ಬರೀ ಆಕಾರ ಕೊಟ್ಟರೆ ಸಾಕೋ, ಭಾರವನ್ನೂ ಹೊರಬೇಕೋ? ನನಗೆ ಗೊಂದಲ ಬಿಟ್ಟಿದ್ದು ಇದರಿಂದಲೇ.

ಗದ್ದ ಸ್ವಲ್ಪ ಮುಂದೆ ಬಂದರೆ ಸಾಕು ಅನ್ನುವಾಗ ಇಂಪ್ಲಾಂಟ್, ಅಂದರೆ ಮೂಳೆಯ ಮೇಲೆ ಕೂರಿಸುವ ಕೃತಕ ತುಂಡು, ಸುಲಭ. ಆಪರೇಷನ್ ಚಿಕ್ಕದು, ಮೂಳೆ ತೆಗೆಯಲು ಮೈಯಲ್ಲಿ ಇನ್ನೊಂದು ಗಾಯ ಬೇಡ. ಸಿಲಿಕೋನ್ ಸುತ್ತ ದೇಹ ತೆಳುವಾದ ಪೊರೆ ಕಟ್ಟುತ್ತದೆ, ಒಳಗೆ ಬೆಸೆದುಕೊಳ್ಳುವುದಿಲ್ಲ. ಹಾಗಾಗಿ ಅದು ಜರುಗಬಹುದು, ಆದರೆ ತೆಗೆಯುವುದು ಸಲೀಸು. ರಂಧ್ರಗಳಿರುವ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ ಇದಕ್ಕೆ ತದ್ವಿರುದ್ಧ. ಅಂಗಾಂಶ ರಂಧ್ರದೊಳಗೆ ಬೆಳೆದು ಹಿಡಿದುಕೊಳ್ಳುತ್ತದೆ, ಬೇಡವೆಂದಾಗ ಕೀಳುವುದು ಕಷ್ಟ. ಸೋಂಕು ತಗುಲಿದರೆ ಎರಡನ್ನೂ ಎಷ್ಟೋ ಸಲ ಹೊರತೆಗೆಯಬೇಕಾಗುತ್ತದೆ.

ಇನ್ನು ನನಗೆ ತುಂಬಾ ಇಷ್ಟವಾದ ಭಾಗ. ಮೂಳೆ ಸುಮ್ನೆ ಕೂತಿರುವ ವಸ್ತುವಲ್ಲ, ಒತ್ತಡಕ್ಕೆ ತಕ್ಕಂತೆ ಬದಲಾಗುತ್ತದೆ. ಗದ್ದದ ಮೆಂಟಾಲಿಸ್ ಸ್ನಾಯು ಇಂಪ್ಲಾಂಟನ್ನು ಹಿಂದಕ್ಕೆ ಒತ್ತುತ್ತಾ ಇರುತ್ತದೆ, ಅಡಿಯ ಮೂಳೆ ನಿಧಾನವಾಗಿ ಸವೆಯುತ್ತದೆ. ಇಂಪ್ಲಾಂಟನ್ನು ಗದ್ದದಲ್ಲಿ ತುಂಬಾ ಎತ್ತರಕ್ಕೆ ಕೂರಿಸಿದರೆ ಸವೆತ ಹಲ್ಲಿನ ಬೇರಿನ ಕಡೆಗೇ ಹೋಗಬಹುದು. ಅದಕ್ಕೇ ಮೂಳೆ ಗಟ್ಟಿಯಾಗಿರುವ ಕೆಳ ಅಂಚಿನಲ್ಲಿ ಕೂರಿಸುವುದು.

ಹಾಗಾದರೆ ಸ್ವಂತ ಮೂಳೆ ಕಸಿ ಮಾಡಿದರೆ ಚಿಂತೆಯಿಲ್ಲ, ಅಲ್ವಾ? ಇಲ್ಲ. ಮೇಲ್ಮೈಗೆ ಅಂಟಿಸಿದ ತುಂಡು ಕಾಲಕ್ರಮೇಣ ಕರಗಿ ಚಿಕ್ಕದಾಗುತ್ತದೆ. ಎರಡು ಮೂಳೆಗಳ ನಡುವೆ ಇಟ್ಟದ್ದು ಚೆನ್ನಾಗಿ ಉಳಿಯುತ್ತದೆ, ಏಕೆಂದರೆ ಅದಕ್ಕೆ ಎರಡೂ ಕಡೆಯಿಂದ ರಕ್ತ ಸಿಗುತ್ತದೆ, ಭಾರವೂ ಅದರ ಮೂಲಕ ಸಾಗುತ್ತದೆ.

ಗದ್ದದ ಮೂಳೆಯನ್ನೇ ಕತ್ತರಿಸಿ ಮುಂದಕ್ಕೆ ಜರುಗಿಸುವ ಜೀನಿಯೋಪ್ಲಾಸ್ಟಿ ಮೂರನೇ ದಾರಿ. ಶಸ್ತ್ರಚಿಕಿತ್ಸಕ ಹೋಫರ್ ಇದನ್ನು 1942ರಲ್ಲಿ ವಿವರಿಸಿದರು. 1957ರಲ್ಲಿ ಟ್ರೌನರ್ ಮತ್ತು ಓಬ್ವೆಗೆಸರ್ ಬಾಯಿಯ ಒಳಗಿಂದಲೇ ಮಾಡುವ ವಿಧಾನ ಕೊಟ್ಟರು. ಹಿಂಬದಿಯ ಸ್ನಾಯು ಬಿಡಿಸದ ಕಾರಣ ತುಂಡಿಗೆ ರಕ್ತ ಹರಿಯುತ್ತಲೇ ಇರುತ್ತದೆ. ಗದ್ದದ ಎತ್ತರವನ್ನೂ ತಿದ್ದಬಹುದು, ಇಂಪ್ಲಾಂಟಿಗೆ ಅದನ್ನು ಕಡಿಮೆ ಮಾಡಲು ಆಗದು. ಆದರೆ ಕೆಳತುಟಿಗೆ ಸ್ಪರ್ಶ ಕೊಡುವ ಮೆಂಟಲ್ ನರದ ಬಗ್ಗೆ ಎಚ್ಚರ ಬೇಕು. ಅದು ದವಡೆ ಮೂಳೆಯ ಒಂದು ರಂಧ್ರದಿಂದ ಹೊರಬರುತ್ತದೆ, ಅದಕ್ಕೆ ಮೊದಲು ಮೂಳೆಯೊಳಗೆ ಆ ರಂಧ್ರಕ್ಕಿಂತ ಕೆಳಗಿಳಿದು ಬಾಗುತ್ತದೆ. ಅದಕ್ಕೇ ರಂಧ್ರದಿಂದ ಸುಮಾರು 5 ಮಿಲಿಮೀಟರ್ ಕೆಳಗೆ ಕತ್ತರಿಸುತ್ತಾರೆ.

ಗೆಡ್ಡೆಗಾಗಿ ದವಡೆಯ ಭಾಗವನ್ನೇ ತೆಗೆದಾಗ ಲೆಕ್ಕವೇ ಬೇರೆ. ಬರೀ ಲೋಹದ ಪ್ಲೇಟ್ ಹಾಕಿದರೆ ಅಗಿಯುವ ಭಾರಕ್ಕೆ ಸ್ಕ್ರೂ ಸಡಿಲವಾಗಬಹುದು, ಪ್ಲೇಟೇ ಮುರಿಯಬಹುದು. ಅಂತರ 6 ಸೆಂಟಿಮೀಟರ್ ದಾಟಿದರೆ ರಕ್ತನಾಳವಿಲ್ಲದ ಕಸಿಯನ್ನೂ ಸಾಮಾನ್ಯವಾಗಿ ನಂಬುವುದಿಲ್ಲ. ಆಗ ಕಾಲಿನ ಫಿಬುಲಾ ಮೂಳೆಯನ್ನು ರಕ್ತನಾಳದ ಸಮೇತ ತಂದು ಕತ್ತಿನ ನಾಳಗಳಿಗೆ ಜೋಡಿಸುತ್ತಾರೆ. 1989ರಲ್ಲಿ ಹಿಡಾಲ್ಗೊ ದವಡೆಗೆ ಇದನ್ನು ಬಳಸಿ ತೋರಿಸಿದರು. ಆದರೆ ಕೆಲವರಲ್ಲಿ ಪಾದಕ್ಕೆ ಮುಖ್ಯವಾಗಿ ರಕ್ತ ಒಯ್ಯುವುದೇ ಫಿಬುಲಾ ಜೊತೆ ತೆಗೆಯುವ ಆ ನಾಳ. ದವಡೆಯ ಆಪರೇಷನ್ನಿಗೆ ಮೊದಲು ಕಾಲಿನ ರಕ್ತನಾಳ ಪರೀಕ್ಷಿಸುವುದು ಅದಕ್ಕೇ.