ಟ್ರ್ಯಾಕ್ಟರ್ ಎಳೆತ: ಗಾಳಿ ಎಷ್ಟು, ತೂಕ ಎಲ್ಲಿ?

ಕುಶಾಲನಗರದ ಹತ್ತಿರ ಒಂದು ಜೋಳದ ಹೊಲಕ್ಕೆ ಪ್ರಾಕ್ಟಿಕಲ್‌ಗೆ ಹೋಗಿದ್ದೆವು. ಟ್ರ್ಯಾಕ್ಟರಿನ ಹಿಂದಿನ ಕಲ್ಟಿವೇಟರ್, ಅಂದರೆ ಹಲವು ಹಲ್ಲಿನ ನೇಗಿಲು, ಇಳಿಸಿದ್ದೇ ತಡ, ಹಿಂದಿನ ಚಕ್ರ ಗರಗರ ತಿರುಗುತ್ತಿದೆ, ಗಾಡಿ ಮಾತ್ರ ತೆವಳುತ್ತಿದೆ. ಎಂಜಿನ್‌ಗೆ ಕಸುವಿಲ್ಲ ಅಂದುಕೊಂಡೆವು. ಕಸುವು ಬೇಕಾದಷ್ಟಿತ್ತು, ಅದು ನೆಲಕ್ಕೆ ಇಳಿಯುತ್ತಿರಲಿಲ್ಲ ಅಷ್ಟೆ.

ಹೀಗೆ ಚಕ್ರ ಸುಮ್ನೆ ತಿರುಗಿ ಹಾಳಾಗುವ ದೂರಕ್ಕೆ ಜಾರಿಕೆ ಅನ್ನೋಣ. ಇದನ್ನು ಕಣ್ಣಂದಾಜಿನಲ್ಲಿ ಹೇಳಬೇಡಿ, ಅಳೆಯಿರಿ. ಹಿಂದಿನ ಟೈರಿನ ಪಕ್ಕಕ್ಕೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯಿರಿ. ನೇಗಿಲು ಎತ್ತಿಕೊಂಡು ಅದೇ ಹೊಲದಲ್ಲಿ ಚಕ್ರ 10 ಸುತ್ತು ತಿರುಗುವಷ್ಟು ಓಡಿಸಿ, ದೂರ ಅಳೆಯಿರಿ. 40 ಮೀಟರ್ ಬಂತು ಅನ್ನಿ. ಈಗ ನೇಗಿಲು ಇಳಿಸಿ ಮತ್ತೆ 10 ಸುತ್ತು. 32 ಮೀಟರ್ ಮಾತ್ರ ಬಂದರೆ 8 ಮೀಟರ್ ಹೋಯಿತು, ಅಂದರೆ ಜಾರಿಕೆ ಶೇ. 20. ಇದು ಜಾಸ್ತಿಯಾಯಿತು. ಹಿಂದಿನ ಚಕ್ರಕ್ಕೆ ತೂಕ ಸೇರಿಸಿದ ಮೇಲೆ 35 ಮೀಟರ್ ಬಂದರೆ ಶೇ. 12.5. ಸಾಮಾನ್ಯವಾಗಿ ಶೇ. 8ರಿಂದ 15ರ ಒಳಗಿದ್ದರೆ ಸರಿ. ಗಟ್ಟಿ ನೆಲಕ್ಕೆ ಕಡಿಮೆ, ಸಡಿಲ ನೆಲಕ್ಕೆ ಸ್ವಲ್ಪ ಹೆಚ್ಚು.

ಜಾರಿಕೆಯೇ ಇಲ್ಲದಿದ್ದರೆ ಇನ್ನೂ ಒಳ್ಳೆಯದಲ್ವಾ ಅಂತ ನಾನೂ ಕೇಳಿದ್ದೆ. ಅಲ್ಲ. ಗಾಡಿ ಅತಿ ಭಾರವಾಗಿದೆ ಅಂತ ಅದರರ್ಥ. ಮಣ್ಣು ಅಮುಕಿ ಗಟ್ಟಿಯಾಗುತ್ತದೆ, ಡೀಸೆಲ್ ದಂಡ, ಗೇರ್ ಬಾಕ್ಸಿಗೂ ಪೆಟ್ಟು.

ಟೇಪ್ ಇಲ್ಲದಿದ್ದರೆ ಮಣ್ಣಿನಲ್ಲಿ ಮೂಡಿದ ಟೈರಿನ ಅಚ್ಚು ನೋಡಿ. ಟೈರಿನ ಬಟನ್ (ಮೇಲಿನ ದಪ್ಪ ಉಬ್ಬುಗಳು) ಗುರುತು ಅಚ್ಚು ಹೊಡೆದ ಹಾಗೆ ಸ್ಪಷ್ಟವಾಗಿದ್ದರೆ ತೂಕ ಹೆಚ್ಚು. ಗುರುತೇ ಸಿಗದೆ ಮಣ್ಣು ಉಜ್ಜಿಹೋಗಿದ್ದರೆ ತೂಕ ಕಡಿಮೆ. ಅಂಚು ಕಾಣುತ್ತಿದ್ದು, ನಡುವೆ ಮಣ್ಣು ಸ್ವಲ್ಪ ಸರಿದಿದ್ದರೆ ಹದ.

ತೂಕಕ್ಕೆ ಮೊದಲು ಗಾಳಿ ನೋಡಿ, ಅದಕ್ಕೆ ಖರ್ಚಿಲ್ಲ. ಗಾಳಿ ಇಳಿಸಿದರೆ ಟೈರು ಚಪ್ಪಟೆಯಾಗಿ ಹೆಚ್ಚು ಬಟನ್ ನೆಲ ಹಿಡಿಯುತ್ತವೆ, ಕುಲುಕಾಟವೂ ಕಡಿಮೆ. ಉಳುಮೆಗೆ ಹಿಂದಿನ ಟೈರಿಗೆ ಸುಮಾರು 12 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇಡುವುದು ರೂಢಿ. ನಿಮ್ಮ ಗಾಡಿಯ ಪುಸ್ತಕ ಏನು ಹೇಳುತ್ತದೋ ಅದೇ ಕೊನೆ. ಎರಡೂ ಕಡೆ ಒಂದೇ ಸಮ ಇರಲಿ, ಟೈರು ತಣ್ಣಗಿರುವಾಗ ಅಳೆಯಿರಿ. ಹಾಗಂತ ಅದೇ ಗಾಳಿಯಲ್ಲಿ ಟ್ರೈಲರ್ ತುಂಬಿಕೊಂಡು ರಸ್ತೆಗೆ ಇಳಿಯಬೇಡಿ. ನಾನು ಇಳಿದಿದ್ದೆ. ರಿಮ್ಮಿನ ಮೇಲೆ ಟೈರು ಜಾರಿ, ಒಳಗಿನ ಟ್ಯೂಬನ್ನೂ ಎಳೆದುಕೊಂಡು ಹೋಗಿ, ವಾಲ್ವು ಬುಡಸಮೇತ ಕಿತ್ತು ಬಂತು. ಅರ್ಧ ದಿನ ಮಳೆಯಲ್ಲಿ ನಿಂತೆ.

ಗಾಳಿ ಸರಿ ಮಾಡಿದರೂ ಜಾರಿದರೆ ಟೈರಿಗೆ ನೀರು ತುಂಬಿಸಬಹುದು. ಜಾಕ್ ಕೊಟ್ಟು, ವಾಲ್ವು ಮೇಲಕ್ಕೆ ಬರುವಂತೆ ತಿರುಗಿಸಿ, ವಾಲ್ವಿನ ಮಟ್ಟದವರೆಗೆ ನೀರು ಬಿಡಿ. ಅಲ್ಲಿಗೆ ಸುಮಾರು ಮುಕ್ಕಾಲು ಭಾಗ ತುಂಬುತ್ತದೆ; ಉಳಿದದ್ದು ಗಾಳಿ. ಪೂರ್ತಿ ತುಂಬಿಸಿದರೆ ಟೈರು ಕಲ್ಲಾಗುತ್ತದೆ. ಗಾಳಿ ನೋಡುವಾಗಲೂ ವಾಲ್ವು ಮೇಲೇ ಇರಲಿ, ಇಲ್ಲದಿದ್ದರೆ ಗೇಜಿಗೆ ನೀರು ನುಗ್ಗುತ್ತದೆ. ನನಗೆ ಮಾತ್ರ ನೀರಿಗಿಂತ ಕಬ್ಬಿಣದ ವೇಟು ಇಷ್ಟ. ಬೇಡ ಅಂದಾಗ ಬಿಚ್ಚಿಡಬಹುದು. ಎಂಜಿನ್ ಬಲದಲ್ಲೇ ತಿರುಗಿ ಮಣ್ಣು ಪುಡಿ ಮಾಡುವ ರೋಟವೇಟರ್‌ಗಂತೂ ಇಷ್ಟೆಲ್ಲ ತೂಕ ಬೇಕಿಲ್ಲ, ಅದರ ಬ್ಲೇಡುಗಳೇ ಗಾಡಿಯನ್ನು ಮುಂದಕ್ಕೆ ತಳ್ಳುತ್ತವೆ.

ಮುಂದಿನ ತೂಕವನ್ನು ಮರೆಯಬೇಡಿ. ಹಿಂದೆ ಭಾರದ ನೇಗಿಲು ಎತ್ತಿದಾಗ ಸ್ಟೇರಿಂಗ್ ಹಗುರಾದರೆ ಮುಂದಿನ ಚಕ್ರ ನೆಲ ಬಿಡುತ್ತಿದೆ ಅಂತ ತಿಳಿಯಿರಿ. ಒಟ್ಟು ತೂಕದ ಶೇ. 20ರಷ್ಟಾದರೂ ಮುಂದಿನ ಚಕ್ರದ ಮೇಲೆ ಉಳಿಯಬೇಕು. ನಮ್ಮ ಕೊಡಗಿನ ಏರುಗಳಲ್ಲಿ ಇದು ಬಯಲುಸೀಮೆಗಿಂತ ಬೇಗ ಗೊತ್ತಾಗುತ್ತದೆ.

ತೋಟದಲ್ಲಿ ಕಡಿದ ಸಿಲ್ವರ್ ಓಕ್ ದಿಮ್ಮಿ ಎಳೆಯುವಾಗ ಸರಪಳಿಯನ್ನು ಕೆಳಗಿನ ಡ್ರಾಬಾರ್‌ಗೇ (ಎಳೆಯಲೆಂದೇ ಗಾಡಿಯ ಹಿಂದೆ ಇರುವ ಕಬ್ಬಿಣದ ಪಟ್ಟಿ) ಕಟ್ಟಿ. ನೇಗಿಲನ್ನು ಮೇಲ್ಗಡೆ ಹಿಡಿಯುವ ಟಾಪ್ ಲಿಂಕ್ ಜಾಗಕ್ಕೋ ಆಕ್ಸಲ್‌ಗೋ ಕಟ್ಟಿದರೆ ದಿಮ್ಮಿ ಬೇರಿಗೆ ಸಿಕ್ಕಿದ ಗಳಿಗೆಯಲ್ಲಿ ಗಾಡಿಯ ಮೂತಿ ಮೇಲೇಳುತ್ತದೆ. ಕ್ಲಚ್ ಒತ್ತುವಷ್ಟು ಹೊತ್ತೂ ಸಿಗದೆ ಗಾಡಿ ಹಿಮ್ಮುಖ ಮಗುಚಬಹುದು. ಮುಂದೆ ಎಷ್ಟೇ ವೇಟು ಹಾಕಿದರೂ ಆ ತಪ್ಪಿಗೆ ಮದ್ದಿಲ್ಲ.